ಹನ್ನೊಂದು ಸುದ್ದಿ, ನಾಲ್ಕು ಕೊಲೆ

ಪತ್ರಿಕೆಯ ಕ್ರೈಂ ಸುದ್ದಿ ಓದಿ ಭಯಪಡುವವರು ನನ್ನ ಬಳಿ ಸಲಹೆಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಬ್ಬರದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ಅರವತ್ತು ದಾಟಿದ ಗೃಹಿಣಿ, ಬೆಂಗಳೂರಿನ ಒಂದು ಬಡಾವಣೆ. ರಾತ್ರಿ ಏಳೆಂಟು ಸಲ ಎದ್ದು ಚಿಲಕ ನೋಡುತ್ತಾರೆ. ಎಂಟು ವರ್ಷದ ಮೊಮ್ಮಗಳನ್ನು ಪಾರ್ಕಿಗೆ ಬಿಡುವುದಿಲ್ಲ. “ಪೇಪರ್ ನಿಲ್ಲಿಸಿ ಅಂತ ನೀವಾದ್ರೂ ಹೇಳಿ” ಎಂದರು ಮಗ. ನಾನು ಹೇಳಲಿಲ್ಲ. ಪೇಪರ್ ತಪ್ಪಿಸಿದರೆ ‘ಓದಲಿಲ್ಲ, ಅದಕ್ಕೇ ನೆಮ್ಮದಿ’ ಎಂದು ಮನಸ್ಸು ಕಲಿಯುತ್ತದೆ. ಯಾರೋ ಬಾಯಿಮಾತಿಗೆ ಒಂದು ಕೊಲೆ ಹೇಳಿದರೂ ಭಯ ಮೊದಲಿನಷ್ಟೇ ಎದ್ದು ಕೂರುತ್ತದೆ.

ಮೂರನೇ ಭೇಟಿಗೆ ಒಂದು ವಾರದ ಪತ್ರಿಕೆ ಮತ್ತು ಕೆಂಪು ಪೆನ್ನು ತರಿಸಿದೆ. ತಲೆಬರಹ ಕೈಯಲ್ಲಿ ಮುಚ್ಚಿ, ಕೊನೆಯ ಪ್ಯಾರಾದಿಂದ ಓದಬೇಕು. ಊರು, ತಾರೀಖು, ಸಂಬಂಧ ಎಷ್ಟೋ ಸಲ ಅಲ್ಲೇ ಅವಿತಿರುತ್ತವೆ. ಪ್ರತಿ ಸುದ್ದಿಯ ಪಕ್ಕ ಮೂರೇ ಟಿಪ್ಪಣಿ: ಎಲ್ಲಿ, ಯಾವತ್ತು, ಯಾರು ಯಾರಿಗೆ. ಶವ ಸಿಕ್ಕ ದಿನ ಒಂದು ಸುದ್ದಿ, ಬಂಧನಕ್ಕೆ ಇನ್ನೊಂದು, ಮಹಜರಿಗೆ ಮತ್ತೊಂದು, ಜಾಮೀನಿಗೆ ಮಗದೊಂದು. ಅಮ್ಮ ಬೆರಳು ಮಡಿಸುತ್ತಾ ಹೋದರು.

“ಹನ್ನೊಂದು ಸುದ್ದಿ, ಸತ್ತೋರು ನಾಲ್ಕೇ ಜನ ಮೇಡಂ. ಮೂವರನ್ನ ಮನೆಯವರೇ ಕೊಂದಿದ್ದಾರೆ. ನಾನು ಯಾರಿಗೆ ಅಂತ ಚಿಲಕ ಹಾಕ್ತಿದ್ದೆ?”

ಥಟ್ಟನೆ ನೆನಪಿಗೆ ಬರುವುದನ್ನೇ ಮನಸ್ಸು ‘ಹೆಚ್ಚು ನಡೆಯುವುದು’ ಎಂದು ಎಣಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ಇದನ್ನು ತೋರಿಸಿದ್ದರು. ರಕ್ತದ ಬಣ್ಣದ ಅಕ್ಷರದಲ್ಲಿ ನಾಲ್ಕು ದಿನ ಅಚ್ಚಾದ ಕೊಲೆ ನೆನಪಿಗೆ ಬಾರದೆ ಇರುತ್ತದೆಯೇ?

ಹನ್ನೆರಡನೆಯ ಸುದ್ದಿ ಸರಗಳವು, ಪಕ್ಕದ ಬೀದಿಯದು. ಅದಕ್ಕೆ ಸಮಾಧಾನ ಹೇಳಲಿಲ್ಲ, ಉಪಾಯ ಹೇಳಿದೆ: ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ, ಸೆರಗು ಕತ್ತಿಗೆ ಸುತ್ತಿಕೊಳ್ಳಿ, ಏನಾದರೂ ಆದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಉಳಿದ ಸಲಹೆ ಇಷ್ಟು. ಪತ್ರಿಕೆ ತಿಂಡಿಯ ನಂತರ, ಹದಿನೈದು ನಿಮಿಷ. ಸಂಜೆ ಏಳರ ಮೇಲೆ ಟಿವಿ, ಮೊಬೈಲಿನ ಕ್ರೈಂ ಸುದ್ದಿ ಬೇಡ. ಚಿಲಕ ಒಮ್ಮೆ ಹಾಕಿ, “ಹಾಕಿದೆ” ಎಂದು ಬಾಯಿಬಿಟ್ಟು ಹೇಳಿ ಮಲಗಬೇಕು. ಮತ್ತೆ ನೋಡಿದಾಗ ಸಿಗುವ ಐದು ನಿಮಿಷದ ನಿರಾಳವೇ ಮುಂದಿನ ಸಲ ಎಬ್ಬಿಸುವುದು.

ಮೊಮ್ಮಗಳ ವಿಷಯದಲ್ಲಿ ಮಗನಿಗೆ ನನ್ನ ಮಾತು ಹಿಡಿಸಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದೇನೆಂದರೆ, ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಹಾಗಾಗಿ ಪಾರ್ಕಿನ ಅಪರಿಚಿತರನ್ನು ಕಾಯುವುದಷ್ಟೇ ಸಾಲದು. ಮಾವನೇ ಇರಲಿ, ಮೇಷ್ಟ್ರೇ ಇರಲಿ, ಮುಟ್ಟಿದ್ದು ಸರಿಯೆನಿಸದಿದ್ದರೆ ಅಜ್ಜಿಗೆ ಹೇಳು ಎಂದು ಮಗುವಿಗೆ ಕಲಿಸಿ ಎಂದೆ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನೂ ಬರೆದುಕೊಟ್ಟೆ.

ಈಗ ಅಜ್ಜಿ ಪಾರ್ಕಿನ ಬೆಂಚಿನಲ್ಲಿ ಕೂರುತ್ತಾರೆ. ಚಿಲಕ ರಾತ್ರಿ ಎರಡು ಸಲ ನೋಡುತ್ತಾರಂತೆ. ಸದ್ಯಕ್ಕೆ ನನ್ನ ತಕರಾರಿಲ್ಲ.