ಡೇಟಿಂಗ್ ಸೈಟಿಗೆ ಸೇರಿದ ಕೂಡಲೇ ‘ಶಿರಸಿ ಹುಡುಗಿಯರ’ ಮೆಸೇಜು ಬರ್ತಿದೆ, ನಿಜವಾ?

ಫೋಟೋ ಹಾಕಿಲ್ಲ, ಪ್ರೊಫೈಲ್ ತುಂಬಿಲ್ಲ, ಆದರೂ ಐದು ನಿಮಿಷದೊಳಗೆ ನಾಲ್ಕು ಜನ ‘ಹಾಯ್’ ಅಂದರೆ ಅದು ಬಹುತೇಕ ಬಾಟೇ, ಅಂದರೆ ತಾನಾಗಿ ಮೆಸೇಜು ಕಳಿಸುವ ಪ್ರೋಗ್ರಾಮು. ಮೆಸೇಜು ಬರುವುದು ಪುಕ್ಕಟೆ, ಓದಲು ದುಡ್ಡು. ವ್ಯಾಪಾರ ಇರುವುದೇ ಅಲ್ಲಿ.

ಊರಿನ ಹೆಸರು ನಂಬಬೇಡಿ. ಅಂಥ ಸೈಟುಗಳು ಅದನ್ನು ನಿಮ್ಮ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿಯೇ ಅಂಟಿಸುತ್ತವೆ. ಮೊಬೈಲ್ ಡೇಟಾ ಬಿಟ್ಟು ಬೇರೆ ವೈಫೈಯಲ್ಲಿ ತೆರೆದರೆ, ಶಿರಸಿಯಲ್ಲಿ ‘2 ಕಿ.ಮೀ. ದೂರ’ ಇದ್ದವಳೇ ಹುಬ್ಬಳ್ಳಿಯವಳಾಗಿರಬಹುದು!

ಇದು ಬರೀ ಅನುಮಾನವಲ್ಲ. 2015ರಲ್ಲಿ ಆ್ಯಶ್ಲಿ ಮ್ಯಾಡಿಸನ್ ಎಂಬ, ಮದುವೆಯಾದವರ ಡೇಟಿಂಗ್ ಸೈಟಿನ ಮಾಹಿತಿ ಸೋರಿದಾಗ, ಕಂಪನಿಯೇ ಸೃಷ್ಟಿಸಿದ್ದ ಸಾವಿರಾರು ಹೆಣ್ಣು ಪ್ರೊಫೈಲುಗಳು ಬಯಲಾದವು. 2016ರಲ್ಲಿ ಅದು ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಮತ್ತು ಕೆಲವು ರಾಜ್ಯಗಳ ಜತೆ 16 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

‘ನಾನೂ ಶಿರಸಿಯವಳೇ’ ಅಂದವಳಿಗೆ, ಮಾರಿಕಾಂಬಾ ಜಾತ್ರೆಗೆ ಪ್ರತಿವರ್ಷ ಹೋಗ್ತೀರಾ ಅಂತ ಕೇಳಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ‘ಹೌದು, ತಪ್ಪಿಸೋದೇ ಇಲ್ಲ’ ಅಂದರೆ ಮುಗಿಯಿತು. ಹೊಸ ಎಐ ಬಾಟುಗಳು ಇದನ್ನೂ ಸರಿಯಾಗಿ ಹೇಳಿಯಾವು, ಸಂಬಳಕ್ಕೆ ಕೂತು ಟೈಪ್ ಮಾಡುವವರೂ ಇದ್ದಾರೆ. ಆದರೆ ಸಂಜೆ ಮಾರಿಗುಡಿ ಎದುರು ಸಿಗೋಣ್ವಾ ಅಂದಾಗ ಇಬ್ಬರೂ ಮಾತು ಹಾರಿಸುತ್ತಾರೆ.

ಹುಡುಗಿಯರನ್ನು ಕಳಿಸ್ತೀವಿ ಅಂತ ‘ಕಾರವಾರ ಸರ್ವಿಸ್’ ಹೆಸರಲ್ಲಿ ಬರುವ ವಾಟ್ಸಾಪ್ ನಂಬರುಗಳು ಇನ್ನೂ ಕೆಟ್ಟವು. ಮೊದಲು ಕ್ಯೂಆರ್ ಕೋಡ್, ಆಮೇಲೆ ‘ಸೆಕ್ಯುರಿಟಿ ಡೆಪಾಸಿಟ್’, ಕೊನೆಗೆ ‘ಮನೆಯವರಿಗೆ ಹೇಳ್ತೀವಿ’. ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಕ್ರೀನ್‌ಶಾಟ್ ಅಳಿಸಬೇಡಿ. ಬೇರೆಯವರ ಸೋಗಿನಲ್ಲಿ ಆನ್‌ಲೈನ್ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲಿದೆ.