ಹಳೆಯ ಯೆಜ್ಡಿ 250 ವಿಪರೀತ ಹೊಗೆ ಬಿಡುತ್ತಿದೆ. ಪಿಸ್ಟನ್ ರಿಂಗ್ ಬದಲಿಸಬೇಕೇ?

ರಿಂಗ್ ಮುಟ್ಟುವ ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡಿ. 1996ರವರೆಗೆ ಮೈಸೂರಿನಲ್ಲಿ ತಯಾರಾದ ಈ ಗಾಡಿ ಟೂ-ಸ್ಟ್ರೋಕ್. ಪೆಟ್ರೋಲಿಗೆ ಬೆರೆಸಿದ ಆಯಿಲ್ ಅದರ ಜೊತೆಗೇ ಉರಿಯುವುದರಿಂದ ಸ್ವಲ್ಪ ನೀಲಿ ಹೊಗೆ ಸಹಜ. ಸವೆದ ರಿಂಗ್‌ನಿಂದ ಮುಖ್ಯವಾಗಿ ಕಂಪ್ರೆಷನ್ ಇಳಿಯುತ್ತದೆ, ಎಳೆತ ಕಡಿಮೆಯಾಗುತ್ತದೆ.

ಮಟ್ಟ ನೋಡಿಟ್ಟುಕೊಂಡು, ಪೆಟ್ರೋಲ್-ಆಯಿಲ್ ಮಿಶ್ರಣ ಸರಿಮಾಡಿ. ಓಡಿ ಪಳಗಿದ ಎಂಜಿನ್‌ಗೆ ಲೀಟರಿಗೆ 30 ಮಿ.ಲೀ. ಒಳ್ಳೆಯ 2ಟಿ (ಟೂ-ಸ್ಟ್ರೋಕ್) ಆಯಿಲ್ ಸಾಕು, ಹೊಸ ಪಿಸ್ಟನ್ ಹಾಕಿದ್ದರೆ 40. ಅಳತೆ ಲೋಟದಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ. ಸೈಲೆನ್ಸರ್‌ನೊಳಗೆ ಹಳೆಯ ಆಯಿಲ್ ನಿಂತಿದ್ದರೆ ಅದು ಉರಿದು ಮುಗಿಯುವವರೆಗೂ ಹೊಗೆ ಇರುತ್ತದೆ, ಆದ್ದರಿಂದ ಅದರ ಒಳಕೊಳವೆಯಾದ ಬ್ಯಾಫಲ್ ಹೊರತೆಗೆದು ಮಸಿ ಕೆರೆದು ಹಾಕಿ.

ಆಮೇಲೂ ಬಿಳಿ ಹೊಗೆ ದಟ್ಟವಾಗಿ ಬಂದು, ಪ್ಲಗ್ ಕಪ್ಪಾಗಿ ಜಿಡ್ಡು ಹಿಡಿದು, ಹೊರಗೆಲ್ಲೂ ಸೋರದೆ ಗೇರ್ ಆಯಿಲ್ ಇಳಿಯುತ್ತಿದ್ದರೆ, ಎಡಗಡೆ, ಅಂದರೆ ಕ್ಲಚ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತಲಿನ ರಬ್ಬರ್ ಬಳೆ) ಹೋಗಿದೆ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸ್‌ನಲ್ಲಿ ಉಂಟಾಗುವ ಹೀರುವಿಕೆಗೆ ಗೇರ್ ಆಯಿಲ್ ಒಳಗೆ ಹೋಗಿ ಉರಿಯುತ್ತದೆ. ಸೀಲ್ ಅಗ್ಗ, ಕೆಲಸ ಅಗ್ಗವಲ್ಲ: ಕ್ಲಚ್, ಪ್ರೈಮರಿ ಚೈನ್ ಬಿಚ್ಚಲೇಬೇಕು. ಸ್ಪ್ರಾಕೆಟ್ ಕಳಚಲು ಪುಲ್ಲರ್ (ಎಳೆದು ತೆಗೆಯುವ ಸಾಧನ) ಹಾಕಿ, ಸುತ್ತಿಗೆ ಏಟು ಬಿದ್ದರೆ ಕ್ರ್ಯಾಂಕ್ ಅಲೈನ್‌ಮೆಂಟ್ ಕೆಡುತ್ತದೆ.

ಬಲಗಡೆಯ ಸೀಲ್ ಹೋದರೆ ಹೊಗೆ ಹೆಚ್ಚುವುದಿಲ್ಲ, ಅಪಾಯ ಹೆಚ್ಚು. ಅಲ್ಲಿ ಗಾಳಿ ನುಗ್ಗಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಆಕ್ಸಲರೇಟರ್ ಬಿಟ್ಟರೂ ಎಂಜಿನ್ ವೇಗ ಬೇಗ ಇಳಿಯದು, ಪ್ಲಗ್ ಬೆಳ್ಳಗಾಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಸಿಲಿಂಡರ್‌ನಲ್ಲಿ ಹಿಡಿದು ಸೀಜ್ ಆಗುತ್ತದೆ. ಎಂಜಿನ್ ಬಿಚ್ಚಿದಾಗ ಎರಡೂ ಸೀಲ್ ಒಟ್ಟಿಗೇ ಬದಲಿಸಿ.