ತೂಕ ಇಳಿಯುತ್ತಿಲ್ಲ, ಮನಸ್ಸೂ ಏಳುತ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಲೆಕ್ಕಪತ್ರದ ಕೆಲಸ, ದಿನವಿಡೀ ಕುರ್ಚಿ. ಕಳೆದ ವರ್ಷ ರಕ್ತಪರೀಕ್ಷೆ ಮಾಡಿದಾಗ ಸಕ್ಕರೆ ಗಡಿಯಲ್ಲಿದೆ ಅಂದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಹೆದರಿ ಡಯಟ್ ಶುರು ಮಾಡಿದೆ. 82 ಕೆ.ಜಿ. ಇದ್ದವಳು 5 ತಿಂಗಳಲ್ಲಿ 74.5ಕ್ಕೆ ಬಂದೆ. ಆಮೇಲೆ 7 ವಾರವಾಯಿತು, ಅಲ್ಲೇ ಕೂತಿದೆ. ದಿನಾ 45 ನಿಮಿಷ ನಡೆಯುತ್ತೇನೆ. ಸಿಹಿ ಮುಟ್ಟುವುದಿಲ್ಲ. ಈಚೆಗೆ ರಾತ್ರಿ ಊಟವನ್ನೂ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ ತೂಕ ನೋಡುತ್ತೇನೆ. ನೆಲ ಸಮ ಇಲ್ಲವೇನೋ ಅಂತ ತೂಕದ ಮೆಷಿನ್ನನ್ನು ಬಚ್ಚಲಿನಿಂದ ಹಾಲ್‌ಗೆ, ಹಾಲ್‌ನಿಂದ ರೂಮಿಗೆ ಎಳೆದಾಡಿದ್ದೂ ಆಯಿತು. ಮದುವೆಯಾದಾಗ 60 ಇದ್ದೆ, ಅಲ್ಲಿಗೆ ಮುಟ್ಟಬೇಕೆಂದು ಆಸೆ. ಯಜಮಾನರು ‘ಇಷ್ಟು ಮಾಡಿದ್ದೇ ದೊಡ್ಡದು, ಬಿಡು’ ಅನ್ನುತ್ತಾರೆ. ನಾದಿನಿ ‘ಇನ್ನೂ ಡಯಟ್ಟಾ ಅತ್ತಿಗೆ?’ ಅಂತ ನಗುತ್ತಾಳೆ. ಈಗೀಗ ಶೂ ಹಾಕಿಕೊಳ್ಳುವುದಕ್ಕೇ ಬೇಜಾರು. ಉತ್ಸಾಹ ಎಲ್ಲಿಂದ ತರಲಿ?
(ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಒಂದೇ ಒಂದು ವಿಷಯ ಇಲ್ಲ. ಸಕ್ಕರೆ ಗಡಿಯಲ್ಲಿದೆ ಅಂದಿದ್ದರಲ್ಲ, ಆ ಪರೀಕ್ಷೆಯನ್ನು ಮತ್ತೆ ಮಾಡಿಸಿದಿರಾ? ನೀವು ಶೂ ಹಾಕಿಕೊಂಡು ಮನೆಯಿಂದ ಹೊರಬಿದ್ದದ್ದು ಅದರ ಭಯಕ್ಕೆ. ನಡುವೆ ಯಾವಾಗಲೋ ಸಕ್ಕರೆ ಹಿಂದೆ ಸರಿದು ಮದುವೆಯ ಕಾಲದ 60 ಮುಂದೆ ಬಂದು ಕೂತಿದೆ. ಬರುವ ವಾರವೇ ಹೋಗಿ ಬರಿಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎರಡನ್ನೂ ಮಾಡಿಸಿ. ಜೊತೆಗೆ ಬಿ.ಪಿ., ಕೊಲೆಸ್ಟ್ರಾಲ್. ಹಳೆಯ ರಿಪೋರ್ಟು ಪಕ್ಕದಲ್ಲಿಟ್ಟುಕೊಂಡು ಓದಿ. ಉತ್ಸಾಹ ಎಲ್ಲಿಂದ ಎಂದು ಕೇಳಿದಿರಿ. ನಾನಾದರೆ ಮೊದಲು ಆ ಕಾಗದದಲ್ಲಿ ಹುಡುಕುತ್ತಿದ್ದೆ.

ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಸಕ್ಕರೆ ಗಡಿಯಲ್ಲಿದ್ದ 3,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಹಾರ-ವ್ಯಾಯಾಮದ ಗುಂಪಿಗೆ ಕೊಟ್ಟಿದ್ದ ಗುರಿ ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ಈ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ತಿರುಗಿದವರು, ಬರೀ ಹುಸಿಮಾತ್ರೆ ನುಂಗಿದ ಗುಂಪಿಗಿಂತ ಶೇ 58ರಷ್ಟು ಕಡಿಮೆ. ಈಗ ನಿಮ್ಮ ಲೆಕ್ಕ ನೋಡಿ. 82ರಲ್ಲಿ 7.5 ಇಳಿಸಿದ್ದೀರಿ, ಅಂದರೆ ಶೇ 9. ನಡಿಗೆ ವಾರಕ್ಕೆ 315 ನಿಮಿಷ. ಆ ಅಧ್ಯಯನದ ಗುರಿಯನ್ನು ದಾಟಿ ಎಷ್ಟೋ ದಿನವಾಗಿದೆ, ನಿಮಗೇ ಗೊತ್ತಾಗಿಲ್ಲ. 41ರ ದೇಹಕ್ಕೆ ಮದುವೆಯ ಕಾಲದ ತೂಕವನ್ನು ಯಾವ ಡಾಕ್ಟರು ಬರೆದುಕೊಟ್ಟರು? ಯಾರೂ ಕೊಟ್ಟಿರಲಿಕ್ಕಿಲ್ಲ, ಆಲ್ಬಮ್ಮಿನಿಂದ ಬಂದಿರಬೇಕು.

ಇನ್ನು ತೂಕ ಯಾಕೆ ನಿಂತಿತು ಎನ್ನುವುದು. ನಿಮಗೆ ಲೆಕ್ಕ ಗೊತ್ತು, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. 5 ತಿಂಗಳಲ್ಲಿ 7.5 ಕೆ.ಜಿ. ಎಂದರೆ ದಿನಕ್ಕೆ ಸರಾಸರಿ 50 ಗ್ರಾಂ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ, ನೀವು ದಿನಕ್ಕೆ ತಿನ್ನುವುದಕ್ಕಿಂತ ಹೆಚ್ಚು ಖರ್ಚು ಮಾಡಿದ್ದು ಹೆಚ್ಚೆಂದರೆ 385 ಕ್ಯಾಲರಿ. ಹೆಚ್ಚೆಂದರೆ ಎಂದದ್ದು ಯಾಕೆಂದರೆ ಮೊದಲ ಕೆಲವು ವಾರದಲ್ಲಿ ಹೋಗುವುದರಲ್ಲಿ ನೀರಿನ ಪಾಲು ದೊಡ್ಡದು. ದೇಹವು ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ತನ್ನ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ಅದೂ ಖಾಲಿ, ನೀರೂ ಖಾಲಿ. ಎಲ್ಲರ ಡಯಟ್ಟೂ ಮೊದಲ ತಿಂಗಳು ಪವಾಡದ ಹಾಗೆ ಕಾಣುವುದು ಇದರಿಂದಲೇ.

ಈಗ ಆ 385 ಎಲ್ಲಿ ಹೋಯಿತು? 7.5 ಕೆ.ಜಿ. ಕಡಿಮೆಯಾದ ದೇಹಕ್ಕೆ ಸುಮ್ಮನೆ ಬದುಕಿರಲು, ಓಡಾಡಲು ಬೇಕಾಗುವುದೇ ದಿನಕ್ಕೆ ಸುಮಾರು 100 ಕ್ಯಾಲರಿ ಕಡಿಮೆ. ಅದೇ 45 ನಿಮಿಷ, ಅದೇ ದಾರಿ ನಡೆದರೂ ಹೊತ್ತೊಯ್ಯುವ ಭಾರ ಕಡಿಮೆಯಾದ್ದರಿಂದ ಖರ್ಚೂ ಕಡಿಮೆ. ಇದರ ಮೇಲೆ ದೇಹ ತಾನಾಗಿಯೇ ಇನ್ನೊಂದಿಷ್ಟು ಬಿಗಿ ಹಿಡಿಯುತ್ತದೆ. ಅಮೆರಿಕದ ಟಿ.ವಿ.ಯ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿದ್ದ 14 ಮಂದಿಯನ್ನು 6 ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಇತ್ತು. ಅವರು ಗಂಟೆಗಟ್ಟಲೆ ಬೆವರು ಹರಿಸಿ, ಒಂದೇ ಉಸಿರಿಗೆ ಅರ್ಧ ಮೈ ಇಳಿಸಲು ಹೊರಟವರು. ನಿಮ್ಮದು ಅಂಥ ಅತಿರೇಕ ಅಲ್ಲ. ಆದರೆ ರಾತ್ರಿ ಊಟ ಬಿಟ್ಟದ್ದು ಆ ದಾರಿಯ ಮೊದಲ ಹೆಜ್ಜೆ. ದಯವಿಟ್ಟು ಇವತ್ತಿನಿಂದ ರಾತ್ರಿ ಊಟ ಮಾಡಿ.

ಹಸಿವಿನ ವಿಷಯವನ್ನೂ ಹೇಳಿಬಿಡಬೇಕು, ಯಾಕೆಂದರೆ ಇದನ್ನು ಎಲ್ಲರೂ ತಮ್ಮ ಮನೋದೌರ್ಬಲ್ಯ ಅಂದುಕೊಳ್ಳುತ್ತಾರೆ. ತೂಕ ಇಳಿದ ಮೇಲೆ ಹೊಟ್ಟೆ ತುಂಬಿತು ಎನ್ನುವ ಸುದ್ದಿ ಮುಟ್ಟಿಸುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದ್ದೆಂದರೆ, ಡಯಟ್ ಮುಗಿದು ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಸಂಜೆ ಆರಕ್ಕೆ ಡಬ್ಬಿಯ ಮುಚ್ಚಳ ತೆಗೆಯುವ ಕೈಗೆ ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಡಬ್ಬಿ ಎಂದೆ, ಅಲ್ಲಿಗೂ ಹೋಗೋಣ. ಉಳಿದ ಕ್ಯಾಲರಿ ಎಲ್ಲಿ ಸೋರುತ್ತಿದೆ ಎಂಬುದು ಸಾಮಾನ್ಯವಾಗಿ ಅಡುಗೆಮನೆಯಲ್ಲೇ ಸಿಗುತ್ತದೆ. ಶುರುವಿನಲ್ಲಿ ಎಣ್ಣೆಯನ್ನು ಚಮಚದಲ್ಲಿ ಅಳೆದಿರುತ್ತೀರಿ. ಆರನೇ ತಿಂಗಳಿಗೆ ಬಾಟಲಿಯಿಂದಲೇ ಬಾಣಲೆಗೆ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲರಿ. ಆರೋಗ್ಯಕ್ಕೆ ಒಳ್ಳೆಯದೆಂದು ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ ಬೀಜಗಳಿಗೆ 170ರ ಆಸುಪಾಸು. 1992ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ‘1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ಮಾಡಿದ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಬರೆದಿದ್ದರು. ಅವರು ಸುಳ್ಳುಗಾರರೇನಲ್ಲ. ನಿಂತುಕೊಂಡು ತಿಂದದ್ದು, ಮಕ್ಕಳ ತಟ್ಟೆಯಲ್ಲಿ ಉಳಿದಿದ್ದು, ರುಚಿ ನೋಡಿದ್ದು ಯಾರ ನೆನಪಿನಲ್ಲೂ ಊಟವಾಗಿ ಉಳಿಯುವುದಿಲ್ಲ. ಒಂದೇ ಒಂದು ವಾರ ಬಾಯಿಗೆ ಹೋದದ್ದೆಲ್ಲ ಬರೆದಿಡಿ, ಹೋದ ಕೂಡಲೇ. ಒಂದು ವಾರ ಸಾಕು. ಜೀವನವಿಡೀ ಬರೆಯಿರಿ ಅನ್ನುವವರನ್ನು ನಾನು ನಂಬುವುದಿಲ್ಲ.

ಈಗ ಮುಖ್ಯ ಮಾತು. ಇನ್ನು ಎರಡು ತಿಂಗಳು ತೂಕ ಇಳಿಸಲೇಬೇಡಿ. ಕೆಲಸ ಬಿಡಿ ಎಂದಲ್ಲ, 74.5ರಲ್ಲೇ ನಿಲ್ಲುವುದನ್ನು ಕೆಲಸ ಮಾಡಿಕೊಳ್ಳಿ. ನನ್ನ ಬಳಿ ಬರುವವರಲ್ಲಿ ಇಳಿಸಲು ಬರದವರು ಕಡಿಮೆ, ಇಳಿಸಿದ್ದನ್ನು ನಿಲ್ಲಿಸಿಕೊಳ್ಳಲು ಕಲಿಯದವರೇ ಹೆಚ್ಚು. ನೀವಾದರೋ 7 ವಾರದಿಂದ ಅದನ್ನೇ ಮಾಡುತ್ತಿದ್ದೀರಿ, ನಿಮ್ಮನ್ನು ನೀವೇ ಬೈದುಕೊಂಡು ಮಾಡುತ್ತಿದ್ದೀರಿ ಅಷ್ಟೇ. ಮೂರು ಹೊತ್ತು ಊಟ, ಪ್ರತಿ ಊಟದಲ್ಲೂ ಪ್ರೋಟೀನ್ ಇರುವ ಏನಾದರೊಂದು, ಕೈತುಂಬ ತರಕಾರಿ. ರಾತ್ರಿ 7 ಗಂಟೆ ನಿದ್ದೆ. ನಿದ್ದೆಗೆಟ್ಟವರ ಡಯಟ್ಟಿನಲ್ಲಿ ಕೊಬ್ಬಿಗಿಂತ ಸ್ನಾಯು ಹೆಚ್ಚು ಕರಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಡಿಗೆಯನ್ನು ವಾರಕ್ಕೆ ನಾಲ್ಕು ದಿನಕ್ಕೆ ಇಳಿಸಿ, ಎರಡು ದಿನ ಸ್ನಾಯುಗಳಿಗೆ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಅಂಗೈ ಒತ್ತಿ ದೂಡುವುದು ಹತ್ತು ಸಲ, ಸುಧಾರಿಸಿಕೊಂಡು ಮತ್ತೊಂದು ಸುತ್ತು. ಇದರಲ್ಲಿ ಒಂದು ಲಾಭವಿದೆ: ಹತ್ತು ಹನ್ನೆರಡಾಗುತ್ತದೆ, ಹನ್ನೆರಡು ಹದಿನೈದಾಗುತ್ತದೆ. ತೂಕದ ಮೆಷಿನ್ ಕೊಡದ ಪ್ರಗತಿ ಇಲ್ಲಿ ಎಣಿಕೆಗೆ ಸಿಗುತ್ತದೆ.

ಆ ಮೆಷಿನ್ನನ್ನು ಇನ್ನು ಎಳೆದಾಡಬೇಡಿ. ವಾರಕ್ಕೆ ಒಂದು ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ಒಂದೇ ಜಾಗದಲ್ಲಿ. ಉಪ್ಪು, ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಇವೇ ತೂಕವನ್ನು ಒಂದು-ಎರಡು ಕೆ.ಜಿ. ಅತ್ತಿತ್ತ ಮಾಡುತ್ತವೆ. ದಿನಕ್ಕೆ 50 ಗ್ರಾಂ ಇಳಿಕೆಯನ್ನು ಬೆಳಿಗ್ಗೆ-ರಾತ್ರಿ ನಿಂತು ಹುಡುಕುವುದು ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಂಡಂತೆ. ಮುಟ್ಟು ನಿಯಮಿತವಾಗಿದ್ದರೆ ಹೋದ ತಿಂಗಳ ಅದೇ ದಿನಗಳ ಜೊತೆ ಹೋಲಿಸಿ. 73.5ರಿಂದ 75.5ರ ಒಳಗೆ ಏನೇ ಬಂದರೂ ಅದು ಸುದ್ದಿಯಲ್ಲ. ಸತತ ಎರಡು ವಾರ 76 ದಾಟಿದರೆ ಎಣ್ಣೆ ಚಮಚ ಹುಡುಕಿ. ಎರಡು ತಿಂಗಳಾದ ಮೇಲೆ ರಿಪೋರ್ಟು ನೋಡಿಕೊಂಡು, ಇನ್ನೂ ಇಳಿಸಬೇಕು ಎನ್ನಿಸಿದರೆ ದಿನಕ್ಕೆ 200 ಕ್ಯಾಲರಿ ಕಡಿಮೆ ಮಾಡಿ. ತಿಂಗಳಿಗೆ ಮುಕ್ಕಾಲು ಕೆ.ಜಿ. ಸಿಕ್ಕರೆ ಅದೇ ದೊಡ್ಡದು. 60ರ ಬದಲು 71 ಎಂದುಕೊಳ್ಳಿ, ಅಲ್ಲಿ ಮತ್ತೆ ಕೂತು ಯೋಚಿಸಿದರಾಯಿತು.

ಶೂ ಹಾಕಿಕೊಳ್ಳಲು ಬೇಜಾರು ಎಂದಿರಿ. ಬೇಜಾರು ಇರಲಿ, ಅದನ್ನು ಓಡಿಸುವ ಗೋಜಿಗೆ ಹೋಗಬೇಡಿ. ಮನಸ್ಸಿಲ್ಲದ ದಿನಕ್ಕೆ ಒಂದು ಕನಿಷ್ಠ ಮಟ್ಟ ಮೊದಲೇ ಗೊತ್ತುಮಾಡಿಡಿ: ಹತ್ತು ನಿಮಿಷ ನಡೆದು ವಾಪಸ್. ಹತ್ತಾದ ಮೇಲೂ ಬೇಡವೆನಿಸಿದರೆ ನಿಜವಾಗಿಯೂ ವಾಪಸ್ ಬನ್ನಿ, ಮೋಸ ಅಂದುಕೊಳ್ಳಬೇಡಿ. ‘ಇಲ್ಲ, 45 ಮುಗಿಸಲೇಬೇಕು’ ಎಂದು ಹಟ ಹಿಡಿದವರು ಮೂರನೇ ವಾರ ಮನೆಯಲ್ಲೇ ಉಳಿಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ಯಜಮಾನರ ಮಾತಿನಲ್ಲಿ ಅರ್ಧ ಸರಿ ಇದೆ, ದೊಡ್ಡದೇ ಮಾಡಿದ್ದೀರಿ. ಆ ‘ಬಿಡು’ವನ್ನು ಮಾತ್ರ ಬಿಟ್ಟುಬಿಡಿ. ಬೆಳಿಗ್ಗೆ ಜೊತೆಗೆ ನಡೆಯಲು ಅವರನ್ನೇ ಕರೆದು ನೋಡಿ. ನಾದಿನಿಗೆ ‘ಡಯಟ್ ಮುಗೀತು, ಈಗ ಊಟ ಮಾಡ್ತಿದ್ದೀನಿ’ ಅನ್ನಿ. ಎರಡು ತಿಂಗಳ ಮಟ್ಟಿಗೆ ಅದು ನಿಜವೂ ಹೌದು.

ಕಡೆಯದಾಗಿ ಡಾಕ್ಟರ ಹತ್ತಿರ ಹೋದಾಗ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳಂಥವು ನಡೆಯುತ್ತಿದ್ದರೆ ತಿಳಿಸಿ, ಅವು ತೂಕವನ್ನು ಹಿಡಿದಿಡಬಲ್ಲವು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ತಲೆಸುತ್ತು ಬರುತ್ತಿದ್ದರೆ, ಮುಟ್ಟು ತಪ್ಪಿದ್ದರೆ, ದಿನವಿಡೀ ತಲೆಯಲ್ಲಿ ಊಟದ ಲೆಕ್ಕವೇ ಓಡುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಪ್ರಶ್ನೆ: ವಯಸ್ಸು 52. ಜಿಮ್‌ಗೆ ಸೇರಿ ಒಂದು ತಿಂಗಳಾಯಿತು, ತೂಕ ಇಳಿಯುವ ಬದಲು ಒಂದು ಕೆ.ಜಿ. ಏರಿದೆ. ಟ್ರೇನರ್ ‘ಅದು ಮಸಲ್ ಸರ್, ಖುಷಿಪಡಿ’ ಅನ್ನುತ್ತಾನೆ. ನಂಬಲೇ?

ಉತ್ತರ: ಖುಷಿಪಡಿ, ಆದರೆ ಅವನು ಹೇಳಿದ ಕಾರಣಕ್ಕಲ್ಲ. ಊಟ ಕಡಿಮೆ ಮಾಡಿಕೊಂಡು 52ರಲ್ಲಿ ಒಂದೇ ತಿಂಗಳಿಗೆ ಒಂದು ಕೆ.ಜಿ. ಸ್ನಾಯು ಬೆಳೆಯುವುದು ಕಷ್ಟ. ಹೊಸ ವ್ಯಾಯಾಮಕ್ಕೆ ನೊಂದ ಸ್ನಾಯು ರಿಪೇರಿಗೆಂದು ನೀರು ಹಿಡಿಯುತ್ತದೆ, ಗ್ಲೈಕೋಜನ್ನನ್ನೂ ಮೊದಲಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಅದರ ಜೊತೆ ಮತ್ತೆ ನೀರು. ಟೇಪ್ ತೆಗೆದುಕೊಂಡು ಪಕ್ಕೆಲುಬಿನ ಕೆಳತುದಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟು, ಸುತ್ತಳತೆ ನೋಡಿ. ಹೊಟ್ಟೆ ಒಳಗೆಳೆದುಕೊಂಡರೆ ಲೆಕ್ಕಕ್ಕಿಲ್ಲ. ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಸುತ್ತಳತೆಯೂ ಏರಿದ್ದರೆ ಜಿಮ್ ಮುಗಿಸಿ ಬಂದ ಮೇಲೆ ಏನು ತಿನ್ನುತ್ತಿದ್ದೀರಿ ಎಂದು ನನಗೆ ಬರೆಯಿರಿ.

ಪ್ರಶ್ನೆ: ವಾರಕ್ಕೊಂದು ದಿನ ‘ಚೀಟ್ ಡೇ’ ಇಟ್ಟುಕೊಂಡರೆ ತಪ್ಪೇ? ಇಲ್ಲದಿದ್ದರೆ ಡಯಟ್ ಮಾಡಲು ಮನಸ್ಸೇ ಬರುವುದಿಲ್ಲ.

ಉತ್ತರ: ಆರು ದಿನ ದಿನಕ್ಕೆ 300ರಂತೆ ಉಳಿಸಿದ್ದು 1,800 ಕ್ಯಾಲರಿ. ಏಳನೇ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಬೇಕೆಂದದ್ದೆಲ್ಲ ತಿಂದರೆ ಅಷ್ಟೂ ಹೋಗಿಬಿಡುವುದು ಏನೂ ಕಷ್ಟವಲ್ಲ. ದಿನದ ಬದಲು ಒಂದು ಹೊತ್ತು ಇಟ್ಟುಕೊಳ್ಳಿ, ನೆಂಟರೋ ಸ್ನೇಹಿತರೋ ಜೊತೆಗಿರುವ ಹೊತ್ತಾದರೆ ಇನ್ನೂ ಒಳ್ಳೆಯದು. ಅದಕ್ಕೆ ‘ಚೀಟ್’ ಅನ್ನುವ ಹೆಸರು ಮಾತ್ರ ಬೇಡ, ಇಷ್ಟಪಟ್ಟು ಉಂಡದ್ದಕ್ಕೆ ಕಳ್ಳತನದ ಹೆಸರು ಯಾಕೆ?